ಎಂಟನೆಯ ಏಟು

ಗೋಡೆಗೂ ಕಿವಿಯುಂಟು ಎಂದು ಹಿರಿಯರು ಎಚ್ಚರಿಕೆಗೆ ಹೇಳಿದರು. ಆದರೆ ಆ ಐದು ಮಹಡಿಯ ಕಟ್ಟಡದ ಎರಡನೆಯ ಮಹಡಿಯಲ್ಲಿ, ಎಡಗಡೆಯ ಮನೆಯಲ್ಲಿ, ಗೋಡೆಗೆ ಸ್ವಂತದ ಕಿವಿಯ ಅಗತ್ಯವೇ ಇರಲಿಲ್ಲ. ಅಲ್ಲಿ ಕಿವಿ ಮೇಸ್ತ್ರಿಗಳು ವಾಸವಾಗಿದ್ದರು.

ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷ ಇಂಜಿನ್ ಮೆಕ್ಯಾನಿಕ್ ಆಗಿದ್ದ ಅವರ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು. ಒಂದೂವರೆ ಅಡಿ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಬಲಗಿವಿಗೆ ಆನಿಸಿ, ಕಣ್ಣು ಮುಚ್ಚಿ ನಾಲ್ಕು ಉಸಿರು ನಿಂತರೆ ಮುಗಿಯಿತು. "ಮೂರನೇ ಸಿಲಿಂಡರು ಮಿಸ್ಸಿಂಗು" ಎನ್ನುವರು. ಬಿಚ್ಚಿ ನೋಡಿದರೆ ಮೂರನೆಯದೇ ಕೈಕೊಟ್ಟಿರುತ್ತಿತ್ತು. ಕೆಟ್ಟ ಇಂಜಿನ್ನಿನ ಮೇಲೆ ಅವರಿಗೆ ಕೋಪವಿರಲಿಲ್ಲ. ಪಾಪ, ಅದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಚೆನ್ನಾಗಿ ಓಡುವ ಇಂಜಿನ್ನು ಕಂಡರೆ ಮಾತ್ರ ಹುಬ್ಬು ಗಂಟಿಕ್ಕುತ್ತಿತ್ತು. "ಇದು ಏನೋ ಮುಚ್ಚಿಡ್ತಿದೆ."

ಇಂಥ ಕಿವಿಗೆ ಒಂದು ದಿನ ಡಿಪೋ ಮ್ಯಾನೇಜರು ಗಂಡಾಂತರ ತಂದಿಟ್ಟರು.

"ಬರೋ ಒಂದನೇ ತಾರೀಕು ಹೊರಗಿಂದ ಪರೀಕ್ಷೆ ಮಾಡೋ ಯಂತ್ರ ಬರ್ತಿದೆ ಮೇಸ್ತ್ರಿ. ಮೂರು ಬಸ್ಸು ನಿಲ್ಲಿಸ್ತೀವಿ. ಅದು ಒಂದು ಕಡೆ, ನಿಮ್ಮ ಕಿವಿ ಒಂದು ಕಡೆ. ಅದು ಗೆದ್ದರೆ ನಿಮಗೆ ಹಗುರವಾದ ಕೆಲಸ ಕೊಡೋಣ ಅಂತಿದೀವಿ."

ಹಗುರವಾದ ಕೆಲಸವೆಂದರೆ ಪ್ರಯಾಣಿಕರು ಮರೆತುಹೋದ ಸಾಮಾನಿನ ಕೋಣೆ. ನಲವತ್ತೊಂದು ಕೊಡೆ, ಒಂದು ಹಲ್ಲಿನ ಸೆಟ್ಟು, ಎಡಗಾಲಿನ ಬೂಟು ಒಂಬತ್ತು. ಅವುಗಳಲ್ಲಿ ಯಾವುದೂ ಶಬ್ದ ಮಾಡುವ ಪೈಕಿಯಲ್ಲ.

ಅದೇ ಸಂಜೆ, ಆರೂವರೆಗೆ, ಮೇಸ್ತ್ರಿಗಳು ಕೈಯ ಗ್ರೀಸು ತೊಳೆಯುತ್ತಿದ್ದಾಗ ಬಚ್ಚಲಿನ ಗೋಡೆಯೊಳಗಿನಿಂದ ಆ ಏಟು ಬಂತು. ಧಡ್ ಧಡ್ ಎಂದು ಏಳು ಬಾರಿ. ಎಂಟನೆಯದಕ್ಕೆ ಕಾದರು. ಬರಲಿಲ್ಲ. ಮತ್ತೆ ಮೊದಲಿನಿಂದ ಏಳು. ಕೈಯ ಸೋಪು ಕೈಯಲ್ಲೇ ಇದ್ದಂತೆ ಸ್ಕ್ರೂಡ್ರೈವರ್ ತಂದು ಗೋಡೆಗೆ ಒತ್ತಿದರು.

"ಲೇ, ಇಲ್ಲಿ ಬಾ. ನೀರಿನ ಮೋಟಾರು ಎಂಟಕ್ಕೊಂದು ಮಿಸ್ಸಿಂಗ್ ಹೊಡೀತಿದೆ. ಒಳಗೆ ಒಂದು ಹಲ್ಲು ಮುರಿದಿದೆ. ಇವತ್ತಲ್ಲ ನಾಳೆ ಸಿಡಿಯುತ್ತೆ."

ಅವರ ಹೆಂಡತಿ ಹಾಲು ಕೊಳ್ಳುವಾಗ ಹಾಲನ್ನು ಒಮ್ಮೆ, ಹಾಲಿನವನನ್ನು ಎರಡು ಬಾರಿ ಮೂಸಿ ನೋಡುವ ಪೈಕಿ. "ನನಗೆ ಮೊದಲಿಂದ್ಲೂ ಗೊತ್ತಿತ್ತು ಕಣ್ರೀ," ಎಂದಳು. "ಹೋದ ತಿಂಗಳು ಪ್ಲಂಬರು ಮೋಟಾರು ರಿಪೇರಿ ಮಾಡಿ ನಗ್ತಾ ಹೋದ. ಕೆಲಸ ಸರಿಯಾಗಿ ಮಾಡಿದೋನು ಯಾಕೆ ನಗ್ತಾನೆ?"

ಮಾರನೆಯ ಬೆಳಿಗ್ಗೆ ವಿಷಯ ಕಟ್ಟಡದ ಸಂಘದ ಕಾರ್ಯದರ್ಶಿಗಳನ್ನು ಮುಟ್ಟಿತು. ನಿವೃತ್ತ ಹೆಡ್ ಕ್ಲಾರ್ಕರಾದ ಅವರಿಗೆ ಸುತ್ತೋಲೆ ಹೊರಡಿಸಲು ಒಂದು ನೆಪ ಸಿಕ್ಕದೆ ಹದಿನೈದು ದಿನವಾಗಿತ್ತು. "ಸಂಭವನೀಯ ಸ್ಫೋಟದ ನಿಮಿತ್ತ ನೀರಿನ ಸರಬರಾಜನ್ನು ನಿಲ್ಲಿಸಲಾಗಿದೆ" ಎಂದು ಲಿಫ್ಟಿನ ಬಾಗಿಲಿಗೆ ಅಂಟಿಸಿದರು. ಮಧ್ಯಾಹ್ನದ ಹೊತ್ತಿಗೆ ಐದೂ ಮಹಡಿಯವರು ಖಾಲಿ ಬಕೆಟ್ಟು ಹಿಡಿದು ಮೇಸ್ತ್ರಿಗಳ ದೂರದೃಷ್ಟಿಯನ್ನು ಕೊಂಡಾಡುತ್ತಿದ್ದರು. ಸಂಜೆ ಆರರ ಹೊತ್ತಿಗೆ ಕೊಂಡಾಡುವುದು ಕಡಿಮೆಯಾಯಿತು. ಆರೂವರೆಗೆ, ಮೋಟಾರು ಗೋಣಿಚೀಲದ ಮೇಲೆ ಇಪ್ಪತ್ಮೂರು ತುಂಡಾಗಿ ಮಲಗಿದ್ದಾಗ, ಗೋಡೆಯೊಳಗೆ ಅದು ಮತ್ತೆ ಶುರುವಾಯಿತು.

ಪ್ಲಂಬರು ಕೈಯಲ್ಲಿದ್ದ ಸ್ಪ್ಯಾನರನ್ನು ನಿಧಾನವಾಗಿ ಕೆಳಗಿಟ್ಟ. "ಹಲ್ಲು ಎಲ್ಲಾ ಸರಿಯಾಗಿದೆ ಸಾರ್, ಎಣಿಸಿದೀನಿ. ಇದು ಮೋಟಾರಿನ ಆತ್ಮ ಇರ್ಬೇಕು."

"ಹಾಗಾದ್ರೆ ಲಿಫ್ಟು," ಎಂದರು ಮೇಸ್ತ್ರಿಗಳು, ಕಣ್ಣು ತೆರೆಯದೆ.

ಲಿಫ್ಟನ್ನು ನಿಲ್ಲಿಸಲಾಯಿತು. ಐದನೆಯ ಮಹಡಿಯ ಅಜ್ಜಿ ಮೆಟ್ಟಿಲು ಹತ್ತುತ್ತ ಪ್ರತಿ ಮಹಡಿಯಲ್ಲೂ ನಿಂತು, ಮೇಸ್ತ್ರಿಗಳ ವಂಶದ ಒಂದೊಂದು ತಲೆಮಾರನ್ನು ನೆನೆದರು. ಲಿಫ್ಟಿನವನು ಬಂದು ಎಲ್ಲವನ್ನೂ ಬಿಚ್ಚಿ, ಮತ್ತೆ ಜೋಡಿಸಿ, "ಇದಕ್ಕೆ ಏನೂ ಆಗಿಲ್ಲ, ಹೇಳಿದವರನ್ನ ತೋರಿಸಿ," ಎಂದ. ಏಟು ಮಾತ್ರ ನಿಂತಿರಲಿಲ್ಲ.

ಆಗ ಮೇಸ್ತ್ರಿಗಳು ಸ್ಕ್ರೂಡ್ರೈವರನ್ನು ಗೋಡೆಯುದ್ದಕ್ಕೂ ಒತ್ತುತ್ತ, ಮೆಟ್ಟಿಲು ಮೆಟ್ಟಿಲಿಗೂ ನಿಂತು ಕೇಳುತ್ತ ಮೇಲೇರಿದರು. ಹಿಂದೆ ಕಾರ್ಯದರ್ಶಿಗಳು, ಅವರ ಹಿಂದೆ ಪ್ಲಂಬರು, ಎಲ್ಲರ ಹಿಂದೆ ಮೇಸ್ತ್ರಿಗಳ ಹೆಂಡತಿ. ಮೆರವಣಿಗೆ ಮೂರನೆಯ ಮಹಡಿಯ ಎಡಗಡೆಯ ಬಾಗಿಲಲ್ಲಿ ನಿಂತಿತು. ಅಲ್ಲಿಗೆ ಬಾಡಿಗೆಗೆ ಬಂದು ಮೂರು ದಿನವಾಗಿದ್ದವರನ್ನು ಯಾರೂ ಇನ್ನೂ ಸರಿಯಾಗಿ ಅನುಮಾನಿಸಿರಲಿಲ್ಲ, ಪುರುಸೊತ್ತಾಗಿರಲಿಲ್ಲ.

ಬಾಗಿಲು ತೆರೆದವರು ಅರವತ್ತೆಂಟರ ಆಸುಪಾಸಿನ ಹೆಂಗಸು. ಬೆನ್ನು ನೆಟ್ಟಗೆ, ಕನ್ನಡಕ ದಪ್ಪ. ಟೈಪಿಂಗ್ ಶಾಲೆ ನಡೆಸಿ ನಿವೃತ್ತರಾದವರು. ಒಳಗೆ ಮೇಜಿನ ಮೇಲೆ ಕಪ್ಪು ತಟ್ಟೆಯೊಂದು ತಿರುಗುತ್ತಿತ್ತು, ಅದರ ಮೇಲೊಂದು ಮುಳ್ಳು ಸವಾರಿ ಮಾಡುತ್ತಿತ್ತು. ಗೋಡೆಯೆಂಬುದು ಸೋಸುವ ಬಟ್ಟೆಯಂತೆ. ನಯವಾದದ್ದೆಲ್ಲ ಮೇಲೇ ಉಳಿದು, ದಪ್ಪನೆಯ ಏಟು ಮಾತ್ರ ಕೆಳಗೆ ತೊಟ್ಟಿಕ್ಕಿತ್ತು. ಈಗ ಬಾಗಿಲಲ್ಲಿ ಎಲ್ಲವೂ ಒಟ್ಟಿಗೆ ಮುಖಕ್ಕೆ ಬಡಿಯಿತು. ಗಿಟಾರು, ಆರ್ಗನ್ನು, ಡ್ರಮ್ಮು, ಜೊತೆಗೆ ಯಾರೋ ಪಾತ್ರೆಯ ಅಂಗಡಿಯೊಳಗೆ ಓಡುತ್ತಿರುವಂಥ ಇನ್ನೇನೋ.

"ಏನಿದು?" ಎಂದರು ಕಾರ್ಯದರ್ಶಿಗಳು.

"ಹಾಡು. ಪ್ರೋಗ್ರೆಸಿವ್ ರಾಕ್ ಅಂತಾರೆ. ಈ ಕಡೆ ಇರೋ ರಾಶಿಯೆಲ್ಲ ಜಾಝ್ ಫ್ಯೂಷನ್ನು. ಐವತ್ತು ವರ್ಷದ ಹಳೇದು."

"ಹಾಡಾ? ಹಾಡೋರು ಎಲ್ಲಿ?"

"ಹತ್ತೊಂಬತ್ತನೇ ನಿಮಿಷಕ್ಕೆ ಬರ್ತಾರೆ. ಕೂತ್ಕೊಳ್ಳಿ."

ಯಾರೂ ಕೂರಲಿಲ್ಲ. ಎಲ್ಲರೂ ಮೇಸ್ತ್ರಿಗಳನ್ನು ನೋಡಿದರು. ಒಂದು ಹಾಡಿಗೋಸ್ಕರ ಐದು ಮಹಡಿ ಬಾಯಾರಿತ್ತು.

"ಆದ್ರೂ ಮಿಸ್ಸಿಂಗ್ ಇದೆ," ಎಂದರು ಮೇಸ್ತ್ರಿಗಳು, ಸ್ವಲ್ಪ ಸಣ್ಣ ದನಿಯಲ್ಲಿ. "ಎಂಟನೇದು ಎಲ್ಲಿ?"

"ಎಂಟನೇದು ಇಲ್ಲ. ಏಳೇ."

"ಏಳಕ್ಕೆ ಯಾರಾದ್ರೂ ನಿಲ್ಲಿಸ್ತಾರಾ?"

"ಅವರು ನಿಲ್ಲಿಸಿದಾರಲ್ಲ," ಎಂದು ಮೇಡಂ ಬಾಗಿಲು ಹಾಕಿಕೊಂಡರು.

ಅಂದೇ ಎರಡನೆಯ ಸುತ್ತೋಲೆ ಹೊರಟಿತು. ಇನ್ನು ಮುಂದೆ ಎರಡನೆಯ ಮಹಡಿಯ ಎಡಗಡೆಯ ನಿವಾಸಿಯ ಮಾತಿನ ಮೇಲೆ ಮೋಟಾರನ್ನಾಗಲಿ ಲಿಫ್ಟನ್ನಾಗಲಿ ಮುಟ್ಟತಕ್ಕದ್ದಲ್ಲ, ಸದರಿ ನಿವಾಸಿಯು ಅವುಗಳ ಬಗ್ಗೆ ಅಭಿಪ್ರಾಯ ವ್ಯಕ್ತಪಡಿಸತಕ್ಕದ್ದೂ ಅಲ್ಲ. ಪ್ಲಂಬರಿನ ಷಡ್ಡಕ ಬಸ್ ಕಂಡಕ್ಟರಾಗಿದ್ದ. ಮಾರನೆಯ ದಿನ ಮೇಸ್ತ್ರಿಗಳು ಡಿಪೋದ ಗೇಟು ದಾಟುವಾಗ ಯಾರೋ ಟೈರಿನ ಹಿಂದಿನಿಂದ, "ಮೇಸ್ತ್ರೀ, ಏಳನೇ ನಂಬರ್ ಬಸ್ಸು ಹಾಡ್ತಾ ಇದೆ, ಬಂದು ನೋಡಿ," ಎಂದು ಕೂಗಿದರು. ಮರೆತ ಸಾಮಾನಿನ ಕೋಣೆಯ ಗುಮಾಸ್ತ ಬಂದು ಕೈ ಕುಲುಕಿ, ಕೊಡೆಗಳನ್ನು ಬಣ್ಣದ ಪ್ರಕಾರ ಇಡಬೇಕೋ ಉದ್ದದ ಪ್ರಕಾರವೋ ಎಂದು ಮುಂಗಡವಾಗಿಯೇ ಸಲಹೆ ಕೇಳಿದ.

ಮೇಸ್ತ್ರಿಗಳ ಮುಂದೆ ಒಂದೇ ದಾರಿ ಉಳಿದಿತ್ತು. ಆ ಹಾಡು ಕೆಟ್ಟಿದೆ ಎಂದು ಸಾಧಿಸುವುದು. ಆರೂವರೆಗೆ ಅವರು ಮತ್ತೆ ಮೂರನೆಯ ಮಹಡಿಯ ಬಾಗಿಲು ತಟ್ಟಿದರು.

"ಮೇಡಂ, ನನಗೆ ಇವರ ಮೇಲೆ ಅನುಮಾನ ಇದೆ. ಐವತ್ತು ವರ್ಷದಿಂದ ಯಾರೂ ಹಿಡಿದಿಲ್ಲ, ನಾನು ಹಿಡೀತೀನಿ. ಬೇಕಂತಲೇ ಏಳು ಹೊಡೆದಿದ್ರೆ ಕೊನೇವರೆಗೂ ಏಳೇ ಇರ್ಬೇಕು. ಒಂದೇ ಒಂದು ಸಲ ತಪ್ಪಿದ್ರೂ ಕೆಲಸ ಬರ್ದೋರು ಅಂತ ಅರ್ಥ."

ಮೇಡಂ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಇಪ್ಪತ್ತು ವರ್ಷ ಹುಡುಗಿಯರಿಗೆ ಟೈಪಿಂಗ್ ಕಲಿಸಿದೀನಿ. ಎಂಟರ ಲೆಕ್ಕದ ಹಾಡು ಹಾಕಿದ್ರೆ ಬೆರಳು ಹಾಡಿನ ಜೊತೆ ನಿದ್ದೆ ಹೋಗುತ್ತೆ. ಇವರ ಹಾಡಿಗೆ ಯಾರ ಬೆರಳೂ ನಿದ್ದೆ ಮಾಡಲ್ಲ. ಎಣಿಸಿ. ಚಪ್ಪಲಿ ಹೊರಗೆ."

ಮೊದಲು ತಟ್ಟೆಯ ಲಕೋಟೆಯನ್ನು ಪರೀಕ್ಷಿಸಿದರು. ಮುಂಭಾಗದಲ್ಲಿ ಕನ್ನಡಕ ಹಾಕಿದ ಮೀನೊಂದು ಏಣಿ ಹತ್ತುತ್ತಿತ್ತು. ಅದು ಸಾಕಷ್ಟು ಅನುಮಾನಾಸ್ಪದವಾಗಿತ್ತು. ಹಿಂಭಾಗದಲ್ಲಿ ನಾಲ್ಕು ಮಂದಿ ಗಡ್ಡದವರು, ಎಲ್ಲರ ಹಿಂದೆ ಡ್ರಮ್ಮಿನವನು. ಒಬ್ಬನ ಗಿಟಾರಿಗೆ ಎರಡು ಕತ್ತು. "ಇದೊಂದು ಒಳ್ಳೇದು," ಎಂದರು ಮೇಸ್ತ್ರಿಗಳು. "ಒಂದು ಕೆಟ್ರೆ ಸ್ಟೆಪ್ನಿ ಇದೆ."

ಒಂದು ಬದಿಗೆ ಒಂದೇ ಹಾಡು, ಇಪ್ಪತ್ಮೂರು ನಿಮಿಷ. ಮೊದಲ ದಿನ ನಾಲ್ಕನೆಯ ನಿಮಿಷಕ್ಕೆ ಲೆಕ್ಕ ತಪ್ಪಿತು. ತಪ್ಪಿದ್ದು ಗಡ್ಡದವರದಲ್ಲ, ಮೇಸ್ತ್ರಿಗಳದು. ಎರಡನೆಯ ದಿನ ಒಂಬತ್ತನೆಯ ನಿಮಿಷದವರೆಗೆ ಹಿಂಬಾಲಿಸಿದರು. ಅಲ್ಲಿ ಗಡ್ಡದವರು ಏಳು ಏಳು ಏಳು ಎಂದು ನಂಬಿಸಿ, ಐದಕ್ಕೆ ತಿರುಗಿ, ಓಣಿಯೊಳಗೆ ನುಗ್ಗಿ ಮಾಯವಾದರು. ಮೂರನೆಯ ದಿನದಿಂದ ಮೇಸ್ತ್ರಿಗಳು ಜೇಬಿನಲ್ಲಿ ಚೀಟಿ, ಪೆನ್ಸಿಲು ಇಟ್ಟುಕೊಂಡು ಬಂದರು.

ಐದನೆಯ ದಿನ ಅದು ನಡೆಯಿತು. ಡ್ರಮ್ಮಿನವನು ಏಳರ ಲೆಕ್ಕ ಹಿಡಿದಿದ್ದ. ಎರಡು ಕತ್ತಿನವನು ಅವನ ಮಾತಿಗೆ ಸೊಪ್ಪು ಹಾಕದೆ ಐದರಲ್ಲಿ ಹೊರಟಿದ್ದ. ಇಬ್ಬರಿಗೂ ಜಗಳ, ಇನ್ನೇನು ಕೈಕೈ ಮಿಲಾಯಿಸುತ್ತಾರೆ ಎಂದು ಮೇಸ್ತ್ರಿಗಳು ಮುಂದಕ್ಕೆ ಬಾಗಿದರು. ಮೂವತ್ತೈದು ಎಣಿಸಿ ಮುಗಿಯುತ್ತಿದ್ದಂತೆ ಇಬ್ಬರೂ ಒಂದೇ ಏಟಿನ ಮೇಲೆ, ಬೇರೆ ಬೇರೆ ಬಸ್ಸಿನಲ್ಲಿ ಹೊರಟ ಗಂಡ ಹೆಂಡಿರು ಒಂದೇ ಸ್ಟಾಪಿನಲ್ಲಿ ಒಟ್ಟಿಗೆ ಕಾಲಿಟ್ಟ ಹಾಗೆ, ಧಡ್ ಎಂದು ಇಳಿದರು.

ಮೇಸ್ತ್ರಿಗಳ ತೋಳಿನ ಕೂದಲು ನಿಮಿರಿ ನಿಂತಿತು.

"ಬದ್ಮಾಶ್‌ಗಳು," ಎಂದರು, ಮೆಲ್ಲಗೆ. "ಮೇಡಂ, ಇನ್ನೊಂದ್ಸಲ ಹಾಕಿ."

ಇತ್ತ ಕೆಳಗಿನ ಮನೆಯಲ್ಲಿ ಹೆಂಡತಿ ಗಂಡನ ಹಿಂದಿನ ದಿನದ ಅಂಗಿ ಒಗೆಯಲೆಂದು ಜೇಬು ತಡವಿದಾಗ ಚೀಟಿ ಸಿಕ್ಕಿತು. ಓದಿ ನಿಂತಲ್ಲೇ ಕೂತು, ತಮ್ಮನಿಗೆ ಫೋನು ಮಾಡಿದಳು. ತಮ್ಮ ಪೊಲೀಸ್ ಪೇದೆ. ಹನ್ನೆರಡು ವರ್ಷದ ಸೇವೆಯಲ್ಲಿ ಸೈಕಲ್ಲು ಕಳೆದವರ ದೂರು ಬಿಟ್ಟು ಬೇರೇನನ್ನೂ ಬರೆದುಕೊಂಡವನಲ್ಲ. ದೊಡ್ಡದೊಂದು ಪ್ರಕರಣ ತನಗಾಗಿ ಎಲ್ಲೋ ಕಾದಿದೆ ಎಂದು ಅವನ ನಂಬಿಕೆ.

ಅವನು ಓಡಿ ಬಂದು ಚೀಟಿಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದ. "ಏಳು, ಏಳು, ಏಳು, ಐದು. ಮೊದಲು ದಪ್ಪನೆಯವನು ಒಳಗೆ. ಹನ್ನೊಂದನೇ ನಿಮಿಷಕ್ಕೆ ಎಲ್ಲರೂ ಸುಮ್ಮನಾಗ್ತಾರೆ. ಹಿಂದಿನವನು ಒಬ್ಬನೇ ಸಿಗ್ತಾನೆ, ಅವನನ್ನ ಬಿಡಬಾರದು. ಹತ್ತೊಂಬತ್ತಕ್ಕೆ ಬಾಯಿ ಬಿಡ್ತಾರೆ." ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟ. "ಅಕ್ಕ, ಇದು ಅಪಹರಣ."

"ಆ ಮೇಡಂಗೆ ಅರವತ್ತೆಂಟು ವರ್ಷ ಕಣೋ."

"ಅದಕ್ಕೇ ಅಕ್ಕ. ಯಾರಿಗೂ ಅನುಮಾನ ಬರಬಾರದು ಅಂತ ಅಂಥವರನ್ನೇ ಮುಂದೆ ಇಟ್ಟಿರ್ತಾರೆ."

ಆರೂಮುಕ್ಕಾಲಿಗೆ ಪೇದೆ ಟೋಪಿ ಸರಿಮಾಡಿಕೊಂಡು ಮೂರನೆಯ ಮಹಡಿಗೆ ನುಗ್ಗಿದ. ಮೇಸ್ತ್ರಿಗಳು ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಎರಡೂ ಕೈಯ ಬೆರಳು ಮಡಿಸುತ್ತ ಕೂತಿದ್ದರು.

"ಭಾವ, ಏಳಬೇಡಿ. ಚೀಟಿ ಸಿಕ್ಕಿದೆ. ಆ ಏಳು ಜನ ಯಾರು?"

"ಏಳು ಜನ ಅಲ್ಲ ಕಣೋ, ನಾಲ್ಕೇ ಜನ. ಏಳೇಟು."

"ನಾಲ್ಕು ಜನ ಸೇರಿ ಏಳೇಟು." ಪೇದೆ ಬರೆದುಕೊಂಡ. "ಯಾರಿಗೆ ಹೊಡೆದ್ರು?"

"ಚರ್ಮಕ್ಕೆ ಹೊಡೆದ್ರು. ಸುಮ್ನಿರು, ಹಿಂದಿನವನು ಬರೋ ಹೊತ್ತು."

"ಅವನು ಈಗ ಎಲ್ಲಿದಾನೆ?"

"ಈಗೆಲ್ಲಿರ್ತಾನೆ, ಸತ್ತು ಎಷ್ಟೋ ವರ್ಷ ಆಗಿರಬಹುದು," ಎಂದರು ಮೇಡಂ. ಪೇದೆಯ ಪೆನ್ಸಿಲಿನ ಮೊನೆ ಮುರಿಯಿತು.

ಅವನಿಗೆ ಹಾಡು ಕೇಳಿಸಿ, ಲಕೋಟೆ ತೋರಿಸಿ, ಹತ್ತೊಂಬತ್ತನೆಯ ನಿಮಿಷದವರೆಗೆ ಕೂರಿಸಿ, ಗಡ್ಡದವರು ನಿಜವಾಗಿಯೂ ಬಾಯಿ ಬಿಟ್ಟ ಮೇಲೆ ಪ್ರಕರಣ ಕೈಬಿಟ್ಟುಹೋಯಿತು. ಪೇದೆಗೆ ಅಳು ಬಂದಂತಿತ್ತು. ಹೊರಡುವಾಗ ಅಕ್ಕನ ಕಿವಿಯಲ್ಲಿ, "ಅಪರಾಧ ಏನೂ ಕಾಣಲಿಲ್ಲ ಅಕ್ಕ. ಆದ್ರೂ ಒಂದು ಕಣ್ಣಿಟ್ಟಿರು. ಅಷ್ಟು ಹೊತ್ತು ಸುಮ್ಮನೆ ಹಾಡು ಕೇಳೋರನ್ನ ನಾನು ನೋಡಿಲ್ಲ," ಎಂದ.

ಅಂದಿನಿಂದ ಹೆಂಡತಿಯೂ ಸಂಜೆ ಒಂದು ಮೊರ ಬಟಾಣಿ ಹಿಡಿದು ಮೇಲೆ ಬಂದು ಕೂರತೊಡಗಿದಳು, ಕಾವಲಿಗೆ. ಬಟಾಣಿ ಏಳೇಳಾಗಿ ಬಟ್ಟಲಿಗೆ ಬೀಳುತ್ತಿರುವುದು ಅವಳ ಗಮನಕ್ಕೆ ಬಂದಿರಲಿಲ್ಲ. ಮೇಡಂ ಗಮನಿಸಿದರು, ಹೇಳಲಿಲ್ಲ.

ಒಂದನೆಯ ತಾರೀಕು ಬಂತು. ಡಿಪೋದ ಅಂಗಳದಲ್ಲಿ ಮೂರು ಬಸ್ಸು ನಿಂತಿದ್ದವು. ಯಂತ್ರವೆಂದರೆ ಒಂದು ಬಿಳಿ ಪೆಟ್ಟಿಗೆ, ಅದರಿಂದ ಹೊರಟ ವೈರು, ವೈರಿನ ತುದಿಗೆ ಇಂಜಿನ್ನಿಗೆ ಕಚ್ಚಿಕೊಳ್ಳುವ ಅಯಸ್ಕಾಂತ. ಕೇಳಿದ್ದನ್ನೆಲ್ಲ ಪೆಟ್ಟಿಗೆ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಬರೆದು ಹೊರಗೆ ತಳ್ಳುತ್ತಿತ್ತು. ಅದರ ಜೊತೆ ಬಂದವನು ಟೈ ಕಟ್ಟಿದ್ದ. ಡಿಪೋದಲ್ಲಿ ಟೈ ಕಟ್ಟಿದವನನ್ನು ಮೇಸ್ತ್ರಿಗಳು ನಂಬಿದ ಉದಾಹರಣೆ ಇಲ್ಲ.

ಮೊದಲನೆಯ ಬಸ್ಸಿಗೆ ಇಬ್ಬರೂ ಎರಡನೆಯ ಸಿಲಿಂಡರು ಎಂದರು. ಎರಡನೆಯ ಬಸ್ಸಿಗೆ ಇಬ್ಬರೂ ಏನೂ ಇಲ್ಲ ಎಂದರು. ಮೂರನೆಯದರಲ್ಲಿ ಟೈಯವನು, ಅಲ್ಲಿಯವರೆಗೆ ನೆಲದ ಮೇಲಿದ್ದ ಪೆಟ್ಟಿಗೆಯನ್ನು ಡ್ರೈವರಿನ ಪಕ್ಕದ ಇಂಜಿನ್ ಮುಚ್ಚಳದ ಮೇಲೆಯೇ ಇಟ್ಟ. ಪಟ್ಟಿ ಹೊರಬಂತು. "ಇಂಜಿನ್ ಒಳಗೆ ಬಡಿತ. ತಕ್ಷಣ ಬಿಚ್ಚತಕ್ಕದ್ದು."

ಮೇಸ್ತ್ರಿಗಳು ಸ್ಕ್ರೂಡ್ರೈವರ್ ಒತ್ತಿ ಕಣ್ಣು ಮುಚ್ಚಿದರು. ನಾಲ್ಕು ಉಸಿರು ಕಳೆಯಿತು. ಹತ್ತು ಕಳೆಯಿತು. ಎಡಗಾಲು ನೆಲ ಕುಟ್ಟತೊಡಗಿತು. ತುಟಿಯ ಮೇಲೆ ನಗು ಮೂಡಿತು. ಡಿಪೋದವರು ಮುಖಮುಖ ನೋಡಿಕೊಂಡರು. ಕೊಡೆಗಳ ಗುಮಾಸ್ತ ಕಿಸೆಯಿಂದ ಬೀಗದ ಕೈ ತೆಗೆದು ಸಿದ್ಧವಾಗಿ ನಿಂತ.

"ಮೇಸ್ತ್ರಿ, ಏನಾಯ್ತು?" ಎಂದರು ಮ್ಯಾನೇಜರು.

"ಇಬ್ಬರಿದಾರೆ ಸಾರ್."

"ಯಾರು ಇಬ್ಬರು?"

"ಇಂಜಿನ್ನಿಗೆ ಆರು ಸಿಲಿಂಡರು. ಅದು ಆರರ ಲೆಕ್ಕದಲ್ಲಿ ಹೋಗ್ತಿದೆ, ಒಂದೂ ತಪ್ಪಿಲ್ಲ. ಬಡಿತ ಮಾತ್ರ ಏಳಕ್ಕೊಂದು. ಆರರ ಮನೆಯೋನು ಏಳಕ್ಕೊಂದು ಹೊಡೆಯೋಕೆ ಸಾಧ್ಯವೇ ಇಲ್ಲ. ಇದು ಬೇರೆಯವರ ಮನೆ ಶಬ್ದ. ಇಂಜಿನ್ ಆರಿಸಿ."

ಇಂಜಿನ್ ಆರಿತು. ಅಂಗಳವೆಲ್ಲ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಬಿಳಿ ಪೆಟ್ಟಿಗೆಯೊಂದೇ ಟಕ್... ಟಕ್... ಎನ್ನುತ್ತ ಕಾಗದ ತಳ್ಳುತ್ತಿತ್ತು.

ಬಿಚ್ಚಿ ನೋಡಿದರು. ಕಾಗದದ ಪಟ್ಟಿಯನ್ನು ದೂಡುವ ಪುಟ್ಟ ಉರುಳೆ ಸೊಟ್ಟಗಾಗಿ, ಸುತ್ತಿಗೊಮ್ಮೆ ಪೆಟ್ಟಿಗೆಯ ಗೋಡೆಗೆ ಬಡಿಯುತ್ತಿತ್ತು. ಆ ಬಡಿತ ಇಂಜಿನ್ನಿನ ಮುಚ್ಚಳಕ್ಕಿಳಿದು, ವೈರಿನಲ್ಲಿ ಹತ್ತಿ ಪೆಟ್ಟಿಗೆಗೇ ಮರಳಿ, ಪೆಟ್ಟಿಗೆ ಅದನ್ನು ಬರೆದುಕೊಂಡು, ಬರೆಯಲು ಮತ್ತೆ ಉರುಳೆ ತಿರುಗಿಸಿತ್ತು. ತಾನು ದೂರು ಬರೆಯುವ ಸದ್ದಿನ ಮೇಲೆಯೇ ದೂರು ಬರೆಯುತ್ತ ಕೂತಿತ್ತು. ಇಂಥ ಕಾರ್ಯನಿಷ್ಠೆ ಮೇಸ್ತ್ರಿಗಳಿಗೆ ಅಪರಿಚಿತವೇನಲ್ಲ; ಅವರ ಕಟ್ಟಡದಲ್ಲಿ ಒಬ್ಬ ಕಾರ್ಯದರ್ಶಿ ಇದ್ದರು.

"ಬೇಜಾರು ಮಾಡ್ಕೋಬೇಡಿ," ಎಂದು ಅವರು ಟೈಯವನ ಬೆನ್ನು ತಟ್ಟಿದರು. "ನನಗೂ ಹೀಗೇ ಆಗಿತ್ತು. ಐದು ಮಹಡಿಗೆ ನೀರು ನಿಲ್ಲಿಸಿಬಿಟ್ಟಿದ್ದೆ."

ಪೆಟ್ಟಿಗೆ ಬಂದ ದಾರಿಯಲ್ಲೇ ಹೋಯಿತು. ಗುಮಾಸ್ತ ಬೀಗದ ಕೈಯನ್ನು ಕಿಸೆಗಿಳಿಸಿ ಕೊಡೆಗಳ ಬಳಿಗೆ ಹಿಂದಿರುಗಿದ. ಡಿಪೋದವರು ಮೇಸ್ತ್ರಿಗಳನ್ನು ಭುಜದ ಮೇಲೆ ಹೊತ್ತು ಎರಡು ಸುತ್ತು ಹಾಕಿದರು, ಮೂರನೆಯ ಸುತ್ತಿಗೆ ಭಾರವೆಂದು ಇಳಿಸಿದರು.

ಸುದ್ದಿ ಅವರಿಗಿಂತ ಮೊದಲೇ ಮನೆ ತಲುಪಿತ್ತು, ಷಡ್ಡಕನ ಕೃಪೆಯಿಂದ. ಕೆಳಗೆ ಲಿಫ್ಟಿನ ಬಳಿ ಕಾರ್ಯದರ್ಶಿಗಳು ಸ್ವತಃ ಕಾದಿದ್ದರು. "ಬನ್ನಿ ಬನ್ನಿ. ನಿಮ್ಮಂಥ ಕಿವಿ ನಮ್ಮ ಕಟ್ಟಡದಲ್ಲಿರೋದು ನಮಗೆ ಹೆಮ್ಮೆ. ನಡೀರಿ, ಮೇಡಂ ಮನೇಲೇ ಎಲ್ಲರೂ ಸೇರಿದಾರೆ, ನಾನೂ ಅಲ್ಲಿಗೇ ಹೊರಟೆ. ಆ ಹಿಂದಿನ ಸುತ್ತೋಲೆ ಇನ್ನೂ ಜಾರಿಯಲ್ಲಿದೆ, ನಾಳೆ ರದ್ದು ಮಾಡ್ತೀನಿ."

ಇಬ್ಬರೂ ಲಿಫ್ಟು ಹತ್ತಿ ಮೂರನೆಯ ಮಹಡಿಯ ಗುಂಡಿ ಒತ್ತಿದರು. ಕಾರ್ಯದರ್ಶಿಗಳು ಹೊಗಳುತ್ತಿದ್ದರು. ಮೇಸ್ತ್ರಿಗಳ ಕಿವಿ ಬೇರೆಲ್ಲೋ ಇತ್ತು. ತಲೆಯ ಮೇಲೆ ಎಲ್ಲಿಂದಲೋ ಐದರ ಲೆಕ್ಕದಲ್ಲಿ ಮೃದುವಾದ ಏಟು. ಅದರ ಬೆನ್ನಿಗೆ ಒಂದು ಕಿರ್ ಎಂಬ ಎಳೆತ, ನಂತರ ಎರಡು ಸಣ್ಣ ಟಣ್. ಹೊಸ ತಟ್ಟೆ ಹಾಕಿದ್ದಾರೆ ಮೇಡಂ, ಜಾಝ್ ಫ್ಯೂಷನ್ನಿನ ರಾಶಿಯದೇ ಇರಬೇಕು. ಕಣ್ಣು ಮುಚ್ಚಿ ಬೆರಳು ಮಡಿಸಿದರು. ಕಿರ್ ಈಗ ಜೋರಾಯಿತು, ಏಟು ಹತ್ತಿರವಾಯಿತು, ಎರಡೂ ಕೂಡಿಕೊಳ್ಳುವ ಜಾಗ ಬಂತು ಎಂದು ಉಸಿರು ಹಿಡಿದರು.

ಧಡ್.

ದೀಪ ಹೋಯಿತು. ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ನಿಂತಿತು.

ಮೇಲಿನಿಂದ ಮೇಡಂ ಕೂಗಿದರು. "ಯಾರದು ಒಳಗೆ? ಹಾಡು ಇನ್ನೂ ಹಾಕಿಲ್ಲ, ನಿಮಗೇ ಕಾಯ್ತಾ ಇದ್ವಿ!"

ಕತ್ತಲಲ್ಲಿ ಕಾರ್ಯದರ್ಶಿಗಳು ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದರು.

"ಮೇಸ್ತ್ರಿಗಳೇ," ಎಂದರು ಕಾರ್ಯದರ್ಶಿಗಳು, ಒಂದೊಂದೇ ಅಕ್ಷರ ಜೋಡಿಸುತ್ತ. "ಇದು ಕೆಡೋ ಮುಂಚೆ ನಿಮ್ಮ ಕಿವಿಗೆ ಏನೂ ಕೇಳಿಸಲಿಲ್ವಾ?"

"ಕೇಳಿಸ್ತು ಸಾರ್."

"ಮತ್ತೆ ಯಾಕೆ ಹೇಳಲಿಲ್ಲ?"

ಲಿಫ್ಟಿನ ಬಗ್ಗೆ ಅಭಿಪ್ರಾಯ ವ್ಯಕ್ತಪಡಿಸತಕ್ಕದ್ದಲ್ಲ ಎಂಬ ಸುತ್ತೋಲೆ ಇನ್ನೂ ಜಾರಿಯಲ್ಲಿತ್ತು; ಮೇಸ್ತ್ರಿಗಳು ಅದನ್ನು ನೆನಪಿಸಿ ಪಾರಾಗಬಹುದಾಗಿತ್ತು. ಆದರೆ ಇಪ್ಪತ್ತಾರು ವರ್ಷ ಆ ಕಿವಿ ಸುಳ್ಳು ಹೇಳಿರಲಿಲ್ಲ.

"ಚೆನ್ನಾಗಿತ್ತು ಸಾರ್."

ಮೇಲಿನಿಂದ ಹೆಂಡತಿಯ ದನಿ ಲಿಫ್ಟಿನ ಬಾವಿಯೊಳಗೆ ಇಳಿದು ಬಂತು. ಅದರಲ್ಲಿ ಹಳೆಯ ಅನುಮಾನವೆಲ್ಲ ಹಾಗೇ ಇತ್ತು. "ರೀ! ಎಷ್ಟನೇ ಏಟಿಗೆ ನಿಲ್ತು? ಸರಿಯಾಗಿ ಎಣಿಸಿ ಹೇಳಿ, ನನಗ್ಯಾಕೋ ಆರು ಅನ್ನಿಸ್ತು!"